ಲೋಟ ಬಿದ್ದ ಹಾಡು

ಊಚ್ ನಗರ, ಕಿಲಿನ್ಸ್ಕಿ ಬೀದಿ, ನಾಲ್ಕನೆಯ ಮಹಡಿ.
ಲುದ್ವಿಕಾಗೆ ಎಂಬತ್ತೊಂದು.
ಬಟ್ಟೆ ಗಿರಣಿ ಇಪ್ಪತ್ತೆಂಟು ವರ್ಷ ದುಡಿಸಿಕೊಂಡು
ಪಿಂಚಣಿ ಕೊಟ್ಟಿತು, ಬಡ್ಡಿಗೆ ಕಿವಿ ಹಿಡಿದುಕೊಂಡಿತು.
ಸಿಳ್ಳೆ, ಗುಬ್ಬಚ್ಚಿ, ಬಾಗಿಲ ಗಂಟೆ, ಸಕಾರ ಶಕಾರ,
ಮೊನಚಾದದ್ದೆಲ್ಲ ಅಲ್ಲೇ ಉಳಿಯಿತು, ನೂಲಿನ ದೂಳಿನಲ್ಲಿ.
ಮಾತಾಡಿದರೆ ತುಟಿ ನೋಡುತ್ತಾಳೆ.
ಹಾಡಿಗೆ ತುಟಿ ಇಲ್ಲವಲ್ಲ, ಅದೇ ಪೇಚು.

ಕೆಳಗಿನ ಮನೆಯ ಬಾಡಿಗೆದಾರ ನಾನು,
ತಂತಿ ಕಂಡರೆ ಕೈ ಸುಮ್ಮನಿರದವನು.
ಅವಳ ಒಂದು ಹಾಡು ನನಗೆ ಕೇಳುವುದೇ ಇಲ್ಲ,
ಮುಂದಿನದಕ್ಕೆ ನನ್ನ ದೀಪದ ಬುರುಡೆ ನಡುಗುತ್ತದೆ.
ಹೊಸ ಹಾಡುಗಳೆಲ್ಲ ಹರಾಜು ಕೂಗುವವರು,
ಹಳೆಯವು ಕದ ತಟ್ಟಲೂ ಅಂಜುವ ದೂರದ ನೆಂಟರು.
ನಡುವೆ ಅವಳು ಎದ್ದು, ಗುಂಡಿ ತಿರುಗಿಸಿ, ಕೂತು,
ಮತ್ತೆ ಎದ್ದು.
ಉಪಕಾರವೇನಲ್ಲ, ನನ್ನ ನಿದ್ದೆಯ ಸ್ವಾರ್ಥ,
ಒಂದು ಭಾನುವಾರ ಮೆಟ್ಟಿಲು ಹತ್ತಿದೆ.

ಐದು ಬೆರಳೂ ಸಮವಲ್ಲ ಅನ್ನುತ್ತಾರೆ;
ಈ ಯಂತ್ರ ಎರಡು ಸಾವಿರ ಹಾಡುಗಳನ್ನು
ಒಂದೊಂದಾಗಿ ಆಲಿಸುತ್ತದೆ,
ತಲೆದೂಗದೆ, ಕಣ್ಣೊರಸಿಕೊಳ್ಳದೆ,
ಪ್ರತಿಯೊಂದರ ಮಗ್ಗುಲಲ್ಲಿ ಅಂಕಿ ಬರೆಯುತ್ತದೆ:
ಇದನ್ನು ಒಂಬತ್ತು ಡೆಸಿಬಲ್ ಇಳಿಸು, ಇದನ್ನು ನಾಲ್ಕು ಏರಿಸು.
ಹಾಡನ್ನು ಮಾತ್ರ ಮುಟ್ಟುವುದಿಲ್ಲ. ಅದು ನನಗೆ ಇಷ್ಟ.
ದರ್ಜಿ ಕತ್ತರಿ ಹಾಕದೆ
ಸೀಮೆಸುಣ್ಣದ ಗೆರೆ ಎಳೆದಿಟ್ಟ ಹಾಗೆ;
ಬೇಡವೆಂದರೆ ಕೊಡವಿದರಾಯಿತು.

'ಎಲ್ಲರಿಗೂ ಒಂದೇ ಎತ್ತರವೋ?' ಎಂದಳು.
ಬಿಡಿಬಿಡಿ ಹಾಡಿಗಾದರೆ ಹಾಗೆ.
ಇಡೀ ಆಲ್ಬಮ್ಮಿಗೆ ಒಂದೇ ಅಂಕಿ ಕೊಟ್ಟರೆ
ಮನೆಯ ದೊಡ್ಡವರು ದೊಡ್ಡವರಾಗಿಯೇ ಇರುತ್ತಾರೆ,
ಚಿಕ್ಕವರು ಚಿಕ್ಕವರಾಗಿ.
'ನಮ್ಮ ಮೇಸ್ತ್ರಿಯೂ ಇದನ್ನೇ ಹೇಳುತ್ತಿದ್ದ,' ಎಂದು ನಕ್ಕಳು.
ಯಾವುದಕ್ಕೆ ನಕ್ಕಳೋ ತಿಳಿಯಲಿಲ್ಲ.

ಎಲ್ಲವೂ ಸಾಲಿಗೆ ಬಂದವು, ಒಂದನ್ನು ಬಿಟ್ಟು.
ಗಿರಣಿಯ ಹೆಂಗಸರ ಮೇಳ, ಎಪ್ಪತ್ತಮೂರರ ಚಳಿಗಾಲ,
ಕ್ಯಾಂಟೀನಿನಲ್ಲಿ ಯಾರೋ ಟೇಪಿಗೆ ಹಿಡಿದದ್ದು.
ಹನ್ನೊಂದು ಏರಿಸಬೇಕು ಅನ್ನುತ್ತದೆ ಲೆಕ್ಕ,
ಒಂದೂವರೆಗೆ ನಿಂತುಬಿಡುತ್ತದೆ.
ಎರಡನೆಯ ನಿಮಿಷದಲ್ಲಿ ಒಂದು ಮುಳ್ಳು,
ನೆಟ್ಟಗೆ, ಸೂರಿಗೆ ತಾಗುವಷ್ಟು ಎತ್ತರ.
ಇನ್ನಷ್ಟು ಎತ್ತಿದರೆ ಅದರ ತುದಿ ಮುರಿದು ಗೊರಗೊರ.
ಒಬ್ಬ ಉದ್ದನೆಯವನ ತಲೆಗೆ ಪೆಟ್ಟಾದೀತೆಂದು
ಇಡೀ ದಿಬ್ಬಣ ನಡು ಬಗ್ಗಿಸಿದ ಹಾಗೆ
ನಲವತ್ತು ಗಂಟಲು ತಗ್ಗಿ ನಿಂತಿವೆ.
ಬೆರಳಿಟ್ಟು ತೋರಿಸಿದೆ: ಇದೊಂದನ್ನು ಕಿತ್ತರೆ ಸಾಕು,
ಅರ್ಧ ಸೆಕೆಂಡೂ ಇಲ್ಲ, ಹಾಡು ಎದ್ದು ಬರುತ್ತದೆ.

ಅವಳು ನನ್ನ ತುಟಿ ನೋಡಲಿಲ್ಲ.
ಪರದೆಯನ್ನೇ ನೋಡಿದಳು.
'ಅದು ಹಾಲ್ಷ್ಕಾ ಲೋಟ ಬೀಳಿಸಿದ್ದು.
ಚಹಾ ಸುಡುತ್ತಿತ್ತು, ತವರದ ಹಿಡಿಯ ಸಮೇತ ಬಿತ್ತು.
ನಾವು ನಿಲ್ಲಿಸಲಿಲ್ಲ. ಕೇಳು,
ಮುಂದಿನ ಸಾಲನ್ನು ಎಲ್ಲರೂ ನಗು ನುಂಗಿ ಹಾಡಿದ್ದೇವೆ.'
ಸ್ವಲ್ಪ ಹೊತ್ತು ಬಿಟ್ಟು:
'ಅವಳಿಗೆ ಹಾಡು ಬರುತ್ತಿರಲಿಲ್ಲ.
ಚಹಾ ಹಂಚಲು ಬಂದಿದ್ದಳು.
ಮೇ ತಿಂಗಳಿಗೆ ಇರಲಿಲ್ಲ.'
ಏಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಗಾಜು ಒಡೆಯುವ ಆ ಸದ್ದು
ಲುದ್ವಿಕಾಳ ಕಿವಿಗೆ ಬೀಳುವುದೇ ಇಲ್ಲ, ನನಗೆ ಗೊತ್ತು.
ಮೌಸಿನಿಂದ ಕೈ ತೆಗೆದೆ.
ಒಂದೂವರೆ ಎಂದೇ ಬರೆದುಕೊಂಡಿತು ಯಂತ್ರ.
ಅವಳು ಕುರ್ಚಿ ಎಳೆದು
ಸ್ಪೀಕರಿನ ಜಾಲರಿಗೆ ಅಂಗೈ ಒತ್ತಿ ಕೂತಳು;
ಎಲ್ಲೋ ಎಳೆ ಹರಿದದ್ದನ್ನು
ಮಗ್ಗದ ಮೇಲಿಟ್ಟ ಕೈಯೇ ಹೇಳುತ್ತಿತ್ತಂತೆ.

ಆ ರಾತ್ರಿ ದೀಪದ ಬುರುಡೆ ನಡುಗಲಿಲ್ಲ.
ಹನ್ನೊಂದರ ಟ್ರಾಮ್ ಹೋಯಿತು.
ನಿದ್ದೆ ಬರಬೇಕಿತ್ತು.
ಮೇಲೆ ಯಾವ ಹಾಡು ನಡೆದಿದೆಯೋ,
ಸೂರಿಗೆ ಕಿವಿಗೊಟ್ಟು ಮಲಗಿದ್ದೆ,
ಎರಡನೆಯ ನಿಮಿಷಕ್ಕೆ.